ಜೇಬಿನಲ್ಲಿ ಸಿಕ್ಕಿದ್ದು

ಆ ಲಾಂಡ್ರಿಯಲ್ಲಿ ಒಂದು ನಿಯಮವಿತ್ತು. ಗಿರಾಕಿಯ ಜೇಬಿನಲ್ಲಿ ಏನೇ ಸಿಗಲಿ, ಅದನ್ನು ಕಂದು ಬಣ್ಣದ ಸಣ್ಣ ಲಕೋಟೆಗೆ ಹಾಕಿ, ಬಾಯಿ ಮಡಚಿ, ಒಗೆದು ಇಸ್ತ್ರಿ ಮಾಡಿದ ಬಟ್ಟೆಗೆ ಪಿನ್ನು ಚುಚ್ಚಿ ವಾಪಸ್ ಕೊಡಬೇಕು. ನೋಡಕೂಡದು, ಕೇಳಕೂಡದು, ಆಮೇಲೆ ಅದರ ಬಗ್ಗೆ ಮಾತೆತ್ತಕೂಡದು. ನಿಯಮ ಮಾಡಿದವನು ಅಪ್ಪ. "ಜನ ನಮಗೆ ಕಾಸು ಕೊಡೋದು ಕೊಳೆ ತೆಗೆಯೋಕೆ, ಗುಟ್ಟು ತೆಗೆಯೋಕಲ್ಲ" ಅನ್ನುತ್ತಿದ್ದ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ನಿಯಮ ಮಾತ್ರ ಗುಂಡುಕಲ್ಲಿನ ಹಾಗೆ ಅಲ್ಲೇ ಕೂತಿತ್ತು.

ಅದನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದವಳು ಅಮ್ಮ. ಬಟ್ಟೆ ವಿಂಗಡಿಸುವ ಮೇಜಿನ ಮುಂದೆ ಕೂತರೆ ಅವಳ ಕಣ್ಣು ರಸ್ತೆಯ ಮೇಲೆ, ಬಾಯಿ ಪಕ್ಕದ ಅಂಗಡಿಯವಳ ಜೊತೆ, ಕೈ ಮಾತ್ರ ಜೇಬುಗಳೊಳಗೆ. ಹುಡುಕುವುದು, ತೆಗೆಯುವುದು, ಲಕೋಟೆಗೆ ಹಾಕುವುದು, ಪಿನ್ನು ಚುಚ್ಚುವುದು, ಎಲ್ಲ ಕೈಗಳದೇ ಕಾರುಬಾರು. ಅರ್ಧ ತಿಂದ ಬಿಸ್ಕತ್ತು, ಬೇರೆಯವರ ಹೆಂಡತಿಯ ಕಿವಿಯೋಲೆ, ಎಲ್ಲವೂ ಆ ಲಕೋಟೆಗಳಲ್ಲಿ ಮಾನ ಮರ್ಯಾದೆಯಿಂದ ಮನೆ ಸೇರಿದ್ದವು. ಒಮ್ಮೆ ನಿವೃತ್ತ ಹೆಡ್‌ಮಾಸ್ತರರೊಬ್ಬರ ಕೋಟಿನಿಂದ ಕೆಳಸಾಲಿನ ಹಲ್ಲುಸೆಟ್ಟು ಸಿಕ್ಕಿತ್ತು. ಅಮ್ಮ ಅದನ್ನೂ ಲಕೋಟೆಗೆ ಹಾಕಿ ಕೋಟಿಗೆ ಚುಚ್ಚಿಟ್ಟಳು. ಮಾಸ್ತರರು ಬಂದು, ಕೌಂಟರಿನ ಮುಂದೆಯೇ ಲಕೋಟೆ ಬಿಚ್ಚಿ, ಹಲ್ಲು ಹಾಕಿಕೊಂಡು, ಸ್ಪಷ್ಟವಾಗಿ "ಥ್ಯಾಂಕ್ಸ್" ಅಂದರು. ಅದು ಹಲ್ಲು ಅಂತ ಅಮ್ಮನಿಗೆ ಗೊತ್ತಾಗಿದ್ದೇ ಆಗ. "ಏನೋ ಗಟ್ಟಿಯಾಗಿತ್ತು, ಗುಂಡಿ ಇರಬೇಕು ಅಂದ್ಕೊಂಡೆ" ಅಂದಳು. ಮಕ್ಕಳಿಬ್ಬರೂ ಇಸ್ತ್ರಿ ಮೇಜಿನ ಹಿಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಈ ನಿಯಮದಿಂದ ಅಂಗಡಿಗೆ ಒಳ್ಳೆಯ ಹೆಸರು ಬಂತು. ಇದೇ ನಿಯಮ ಒಂದು ಜೀವವನ್ನೂ ತೆಗೆಯುವುದರಲ್ಲಿತ್ತು.

ಅಪ್ಪ ಹೋದ ಮೇಲೆ ಅಂಗಡಿಯ ಯಜಮಾನಿಕೆ ಅಕ್ಕನ ಹೆಗಲಿಗೆ ಬಿತ್ತು. ತಮ್ಮನದು ಇಸ್ತ್ರಿ. ಅವನು ಪ್ಯಾಂಟಿಗೆ ಹಾಕುವ ಗೆರೆ ಎಷ್ಟು ನೇರ ಅಂದರೆ ಗಿರಾಕಿಗಳು ಅವನನ್ನು ಗೆರೆರಾಯ ಅನ್ನುತ್ತಿದ್ದರು. ಅಂಥವನು ಒಂದು ದಿನ ಸಾಯಲು ಹೋದ. ಹೇಗೆ, ಯಾವುದರಿಂದ ಎಂದು ಕೇಳುವವರು ಊರ ತುಂಬ ಇದ್ದರು, ಅವರ ನಾಲಿಗೆಗೆ ಅಷ್ಟು ಚಪಲ. ಇಲ್ಲಿ ಅದು ಬೇಡ. ಆಸ್ಪತ್ರೆಯವರು ಉಳಿಸಿಕೊಂಡರು, ಅಷ್ಟು ಸಾಕು.

ಉಳಿದು ಮನೆಗೆ ಬಂದವನು ಬದುಕಿದವನ ಹಾಗೆ ಇರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಮಲಗು ಅಂದರೆ ಮಲಗುತ್ತಿದ್ದ. ಅಂಗಡಿಯಲ್ಲಿ ಗೆರೆ ಈಗಲೂ ನೇರವಾಗಿಯೇ ಬರುತ್ತಿತ್ತು, ಅದನ್ನು ಹಾಕುವವನ ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಮಾತ್ರೆ ಬದಲಾಯಿಸಿ ನೋಡಿದರು, ಮತ್ತೆ ಬದಲಾಯಿಸಿ ನೋಡಿದರು. ಅಕ್ಕ ಬಚ್ಚಲುಮನೆಯ ಚಿಲಕ ಕಿತ್ತಳು, ಅಡುಗೆಮನೆಯ ಡ್ರಾಯರಿಗೆ ಬೀಗ ಹಾಕಿದಳು, ಕಪಾಟು, ಮಂಚದ ಕೆಳಗೆ, ಹಳೆಯ ಸೂಟ್‌ಕೇಸು, ಎಲ್ಲವನ್ನೂ ಜಾಲಾಡಿದಳು. ಅವನ ಮಾತ್ರೆಗಳನ್ನು ತನ್ನ ಬಳಿಯೇ ಇಟ್ಟುಕೊಂಡು ಹೊತ್ತು ಹೊತ್ತಿಗೆ ತಾನೇ ಕೊಡುತ್ತಿದ್ದಳು. ಬದಲಾಯಿಸಿದಾಗ ಬಿಟ್ಟ ಹಳೆಯ ಮಾತ್ರೆಗಳನ್ನು ಎಸೆದೆಯಾ ಎಂದು ಕೇಳಿದಾಗ ಅವನು "ಎಸೆದೆ" ಅಂದಿದ್ದ. ಅವಳು ಮನೆಯಲ್ಲಿ ನೋಡದೆ ಬಿಟ್ಟ ಜಾಗ ಒಂದೇ, ಅವನ ಜೇಬು. ಬೇರೆಯವರ ಜೇಬಿಗೆ ಇಣುಕದೆ ಬೆಳೆದವಳಿಗೆ ಅದು ಹೊಳೆಯಲೇ ಇಲ್ಲ.

ಆಗ ಡಾಕ್ಟರು ಅಯಸ್ಕಾಂತದ ಮಾತೆತ್ತಿದರು. ನಡುವಯಸ್ಸಿನ ಹೆಂಗಸು, ಆಸೆ ಹುಟ್ಟಿಸುವುದರಲ್ಲಿ ಜಿಪುಣಿ.

"ಮೆದುಳಿನ ಮುಂಭಾಗದಲ್ಲಿ ಒಂದು ಜಾಗ ಮಂಕಾಗಿ ಕೂತಿದೆ. ತಲೆಯ ಹೊರಗಿಂದ ಅಯಸ್ಕಾಂತ ಇಟ್ಟು ಅದನ್ನ ತಟ್ಟಿ ತಟ್ಟಿ ಎಬ್ಬಿಸೋದು. ಕುಯ್ಯೋದಿಲ್ಲ, ಪ್ರಜ್ಞೆ ತಪ್ಪಿಸೋದಿಲ್ಲ. ದಿನಾ ಬರಬೇಕು, ಕೆಲವು ವಾರ."

"ವಾಸಿ ಆಗತ್ತಾ ಮೇಡಂ?"

"ಕೆಲವರಿಗೆ ಸಾಯಬೇಕು ಅನ್ನೋ ಯೋಚನೆ ಹಿಂದೆ ಸರಿಯತ್ತೆ. ಎಲ್ಲರಿಗೂ ಅಂತ ಹೇಳಲಾರೆ. ನಾವು ಇದನ್ನ ಮಾಡ್ತಿರೋವಾಗ ನೀವು ಕಣ್ಣು ತೆಗೀಬೇಡಿ."

ಮನೆಗೆ ಬಂದು ಹೇಳಿದರೆ, ನೋಡಿಕೊಂಡು ಹೋಗಲು ಬಂದಿದ್ದ ಚಿಕ್ಕಮ್ಮ, "ಅಯಸ್ಕಾಂತವಾ? ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಅಷ್ಟೊಂದಿವೆ, ಅವನ್ನೇ ತಲೆಗೆ ಕಟ್ಟಿದ್ರೆ ಆಗ್ತಿರಲಿಲ್ವಾ?" ಅಂದಳು. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮಗ ಆಸ್ಪತ್ರೆಯಿಂದ ಬಂದಾಗಿನಿಂದ ಅಮ್ಮ ಆ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅಂಗಡಿಗೆ ಬರುವುದು, ಮೇಜಿನ ಮುಂದೆ ಕೂರುವುದು, ಜೇಬು ಖಾಲಿ ಮಾಡುವುದು. ಅವಳಿಗೆ ಗೊತ್ತಿದ್ದ ಸಮಾಧಾನ ಅದೊಂದೇ.

ಕ್ಲಿನಿಕ್ಕಿನ ಆ ಕೋಣೆಯಲ್ಲಿ ಹಲ್ಲಿನ ಡಾಕ್ಟರ ಬಳಿ ಇರುವಂಥ ಒರಗು ಕುರ್ಚಿ. ಅದರ ಪಕ್ಕ ಒಂದು ಯಂತ್ರ, ಯಂತ್ರದ ತೋಳಿನ ತುದಿಯಲ್ಲಿ ಎರಡು ಬಳೆ ಅಂಟಿಸಿಟ್ಟಂಥ ಸುರುಳಿ. ಅದನ್ನು ನಡೆಸುವ ಹುಡುಗಿಗೆ ತಮ್ಮ ಆಮೇಲೆ ಟಕಟಕ ಮೇಡಂ ಎಂದು ಹೆಸರಿಟ್ಟ. ಮೊದಲು ಅವಳು ಒಂದು ಟ್ರೇ ಮುಂದೆ ಹಿಡಿಯುತ್ತಿದ್ದಳು. ಅಯಸ್ಕಾಂತದ ಹತ್ತಿರ ಲೋಹ ಇರಬಾರದು. ಕೀಲಿ, ಚಿಲ್ಲರೆ, ಬೆಲ್ಟು, ಮೊಬೈಲು, ಎಲ್ಲ ಟ್ರೇಗೆ ಬೀಳಬೇಕು. ಇವನ ಕಾಲರಿನ ಹಿಂದೆ, ಅಂಗಿಯ ಅಂಚಿನಲ್ಲಿ ಲಾಂಡ್ರಿಯ ಪಿನ್ನುಗಳು ಬೇರೆ.

"ಏನ್ರೀ ನೀವು, ಮುಳ್ಳುಹಂದಿನಾ?" ಅಂದಳು ಹುಡುಗಿ. ಅವನು ನಗಲಿಲ್ಲ.

ಮೊದಲ ದಿನ ಅವನ ತಲೆಗೆ ಟೋಪಿ ಹಾಕಿ, ಅಳತೆ ತೆಗೆದು, ಯಂತ್ರದ ಬಲ ಎಷ್ಟಿರಬೇಕೆಂದು ಪರೀಕ್ಷಿಸಿದರು. ಸುರುಳಿಯನ್ನು ತಲೆಯ ಎಡಗಡೆ ಒಂದು ಕಡೆ ಇಟ್ಟು ಟಕ್ ಅನಿಸಿದರೆ ಅವನ ಬಲಗೈ ಹೆಬ್ಬೆರಳು ತಾನಾಗಿ ಹಾರುತ್ತಿತ್ತು. ಕಾಲರಿನ ಸುಕ್ಕು ತೀಡುವ ಅದೇ ಹೆಬ್ಬೆರಳು. ಅವನು ಅದನ್ನು ಬೇರೆ ಯಾರದ್ದೋ ಬೆರಳನ್ನು ನೋಡುವ ಹಾಗೆ ನೋಡಿದ. ಆಮೇಲೆ ಸುರುಳಿ ಹಣೆಯ ಕಡೆಗೆ ಸರಿಯಿತು, ಕಿವಿಗೆ ಬಿರಡೆ ಹಾಕಿದರು, ಟಕಟಕಟಕ ಎಂದು ಶುರುವಾಯಿತು. ಗಾಜಿನ ಆಚೆ ಕೂತ ಅಕ್ಕನಿಗೆ ಪ್ರತಿ ಏಟೂ ತನ್ನ ತಲೆಗೇ ಬಿದ್ದಂತಾಯಿತು, ಕಣ್ಣು ಮುಚ್ಚಿಕೊಂಡಳು.

ಕೊನೆಯಲ್ಲಿ ಡಾಕ್ಟರು ಬಂದು ಕೇಳುತ್ತಿದ್ದರು. "ಇವತ್ತು ಸಾಯಬೇಕು ಅನ್ನೋ ಯೋಚನೆ ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ."

ಮೊದಲು ಎಂಟು ಅಂದ. ಆಮೇಲೆ ಆರಕ್ಕೆ ಬಂದ, ಎರಡನೇ ವಾರ ಐದು ಅಂದ. ಡಾಕ್ಟರು ಬರೆದುಕೊಂಡರು. ಅಕ್ಕನಿಗೆ ಆ ಅಂಕಿಗಳ ಮೇಲೆ ನಂಬಿಕೆ ಬರಲಿಲ್ಲ, ಯಾಕೆಂದರೆ ಆ ದನಿ ಅವಳಿಗೆ ಚೆನ್ನಾಗಿ ಗೊತ್ತು. ಮುಟ್ಟಿಯೇ ಇರದ ಸೂಟಿನ ಬಗ್ಗೆ ಗಿರಾಕಿ ಕೇಳಿದಾಗ "ನಾಳೆ ಸಂಜೆ ಖಂಡಿತ ರೆಡಿ" ಅನ್ನುವ ದನಿ ಅದು. ಅವಳೇ ದಿನಕ್ಕೆ ಎಷ್ಟೋ ಸಲ ಅದೇ ದನಿಯಲ್ಲಿ ಮಾತಾಡುವವಳು. ಇವನು ನಿಜ ಹೇಳುತ್ತಿದ್ದಾನೋ, ನಮ್ಮೆಲ್ಲರನ್ನೂ ಸಾಗಹಾಕುತ್ತಿದ್ದಾನೋ? ಕೇಳಿದರೆ ಅದಕ್ಕೂ ಅದೇ ದನಿಯ ಉತ್ತರ ಬರುತ್ತಿತ್ತು. ದಿನಾ ಟ್ರೇಗೆ ಅವನ ಜೇಬು ಖಾಲಿಯಾಗುವುದನ್ನು ಮಾತ್ರ ಅವಳು ಕಣ್ಣಾರೆ ನೋಡುತ್ತಿದ್ದಳು. ಆ ಖಾಲಿ ಜೇಬು ನೋಡಿ ಅವಳಿಗೆ ಅಷ್ಟಿಷ್ಟು ಧೈರ್ಯ. ಕ್ಲಿನಿಕ್ಕಿಗೆ ಅವನು ಯಾವಾಗಲೂ ಬೂದು ಪ್ಯಾಂಟನ್ನೇ ಹಾಕಿಕೊಳ್ಳುತ್ತಾನೆ, ಕಪ್ಪು ಪ್ಯಾಂಟು ಮನೆಯಲ್ಲೇ ಉಳಿಯುತ್ತದೆ ಎನ್ನುವುದು ಅವಳ ಗಮನಕ್ಕೇ ಬರಲಿಲ್ಲ.

ಮೂರನೇ ವಾರದಲ್ಲಿ ಏನೋ ಬದಲಾಯಿತು. ಒಂದು ಬೆಳಗ್ಗೆ ತಮ್ಮ ತಾನಾಗಿ ಎದ್ದು ಹಾಲು ಕಾಯಿಸಿದ. ಇನ್ನೊಂದು ದಿನ ಅಕ್ಕ ಮಡಚಿಟ್ಟ ಅಂಗಿ ನೋಡಿ, "ಇದನ್ನ ಮಡಚಿದ್ದೋ, ಮುದುರಿದ್ದೋ?" ಅಂದ. ಅಕ್ಕ ಸಿಟ್ಟು ಬಂದವಳ ಹಾಗೆ ನಟಿಸಿ ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವನು ಅಂಥ ಮಾತಾಡಿ ವರ್ಷದ ಮೇಲಾಗಿತ್ತು. ಡಾಕ್ಟರಿಗೆ ಹೇಳಿದಾಗ ಅವರು ಸಂತೋಷಪಡುವ ಬದಲು ಪೆನ್ನು ಕೆಳಗಿಟ್ಟರು.

"ಒಳ್ಳೆಯದೇ. ಆದ್ರೆ ಈಗಲೇ ಹೆಚ್ಚು ಹುಷಾರಾಗಿರಬೇಕು. ಕೆಲವರಿಗೆ ಮನಸ್ಸಿಗಿಂತ ಮೊದಲು ಕೈಕಾಲಿಗೆ ಶಕ್ತಿ ಬರತ್ತೆ."

ಆ ಮಾತು ಅಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಅಂದಿನಿಂದ ಅವನು ನಕ್ಕರೆ ಅವಳಿಗೆ ಹೆದರಿಕೆ, ನಗದಿದ್ದರೂ ಹೆದರಿಕೆ.

ಅದೇ ವಾರದ ಗುರುವಾರ ತಮ್ಮನ ಸರದಿ ಬೇಗ ಮುಗಿಯಿತು. ಅಂದು ಅವನು ಹೇಳಿದ್ದು ನಾಲ್ಕು. "ನೀನು ಆಮೇಲೆ ಬಾ, ನಾನು ಹೋಗಿ ಇಸ್ತ್ರಿಗೆ ನಿಲ್ತೀನಿ" ಎಂದು ಹೊರಟ. ಹೊರಡುವಾಗ, "ಇವತ್ತು ಗುರುವಾರ. ವಿಂಗಡಣೆ ನಿನ್ನದು ತಾನೆ?" ಎಂದು ಕೇಳಿದ. ಗುರುವಾರ ಅಮ್ಮ ಮಂಡಿನೋವಿನ ವ್ಯಾಯಾಮಕ್ಕೆ ಹೋಗುತ್ತಿದ್ದಳು, ಅವತ್ತು ಮೇಜಿಗೆ ಅಕ್ಕ ಕೂರುವುದು ವಾಡಿಕೆ.

"ಹೌದು ಕಣೋ, ಬರ್ತೀನಿ" ಅಂದಳು ಅಕ್ಕ. ಡಾಕ್ಟರ ಬಳಿ ಇನ್ನೊಂದಿಷ್ಟು ಹೊತ್ತು ನಿಂತಳು. ಹಾಲು ಕಾಯಿಸಿದ್ದು, ಮಡಚಿದ್ದೋ ಮುದುರಿದ್ದೋ ಅಂದದ್ದು, ಹೇಳಿದ್ದನ್ನೇ ಮತ್ತೆ ಹೇಳಿದಳು. ಟಕಟಕ ಮೇಡಂ ಚಹಾ ಕೊಟ್ಟಳು, ಅದನ್ನೂ ಕುಡಿದಳು. ಒಳ್ಳೆಯ ಸುದ್ದಿಯನ್ನು ಹೇಳಿಕೊಳ್ಳಲು ಅವಳಿಗೆ ಬೇರೆ ಯಾರಿದ್ದರು?

ಅಂಗಡಿಗೆ ಬಂದರೆ ಮೇಜಿನ ಮುಂದೆ ಅಮ್ಮ ಕೂತಿದ್ದಳು.

"ವ್ಯಾಯಾಮ ಮಾಡಿಸೋಳಿಗೆ ಜ್ವರವಂತೆ. ಅರ್ಧ ದಾರಿಯಿಂದ ವಾಪಸ್ ಬಂದೆ. ಮೂಟೆ ಹಾಗೇ ಬಿದ್ದಿತ್ತು, ಮುಗಿಸ್ತಾ ಇದ್ದೀನಿ" ಅಂದಳು. ಕಣ್ಣು ರಸ್ತೆಯ ಮೇಲೆಯೇ ಇತ್ತು. ಮುಂದೆ ಖಾಲಿ ಮಾಡಿದ ಬಟ್ಟೆಗಳ ರಾಶಿ, ಪಕ್ಕದಲ್ಲಿ ಸಾಲಾಗಿ ಲಕೋಟೆಗಳು. ಅಕ್ಕ ಅವುಗಳನ್ನು ಸರಿಸಿ ಜಾಗ ಮಾಡುವಾಗ ಒಂದು ಲಕೋಟೆ ಕೈಯಲ್ಲಿ ಗರಗರ ಎಂದಿತು. ಅದರ ಮೇಲೆ ಅಮ್ಮನ ಅಕ್ಷರದಲ್ಲಿ 'ಮನೆ' ಎಂದಿತ್ತು. ಮನೆಯವರ ಬಟ್ಟೆಗೂ ಅದೇ ನಿಯಮ, ಗಿರಾಕಿ ನಂಬರಿನ ಬದಲು 'ಮನೆ'.

ಆ ಗರಗರ ಸದ್ದು ಅಕ್ಕನಿಗೆ ಗೊತ್ತಿತ್ತು. ದಿನಾ ತನ್ನ ಕೈಯಾರೆ ಪಟ್ಟಿಯಿಂದ ಮಾತ್ರೆ ಬಿಡಿಸಿ ಕೊಡುವವಳು ಅವಳು. ಜೀವನದಲ್ಲಿ ಮೊದಲ ಸಲ ಬೇರೆಯವರ ಲಕೋಟೆ ಬಿಚ್ಚಿದಳು. ಎಸೆದೆ ಅಂದಿದ್ದ ಹಳೆಯ ಮಾತ್ರೆಗಳು. ಒಂದೆರಡಲ್ಲ.

"ಅಮ್ಮಾ, ಇದೆಲ್ಲಿ ಸಿಕ್ತು?"

"ಯಾವುದು? ಅವನ ಕಪ್ಪು ಪ್ಯಾಂಟಲ್ಲಿ. ಅದೇನೋ ಯಾವಾಗಲೂ ಇರತ್ತೆ."

"ಯಾವಾಗಲೂ ಅಂದ್ರೆ?"

"ಹೋದ ಸಲನೂ ಇತ್ತು, ಅದರ ಹಿಂದಿನ ಸಲನೂ ಇತ್ತು. ಕಟ್ಟಿ ಕೊಟ್ಟೆ." ಅಮ್ಮ ಇನ್ನೊಂದು ಅಂಗಿಯನ್ನು ಎಳೆದುಕೊಂಡಳು. "ಜೇಬಲ್ಲಿ ಸಿಕ್ಕಿದ್ದನ್ನ ಕೊಡದೆ ಏನು ಮಾಡೋದು?"

ಅಕ್ಕ ಲಕೋಟೆ ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಹೋದಳು. ತಮ್ಮ ಇಸ್ತ್ರಿ ಮೇಜಿನ ಹಿಂದೆ ಹಬೆಯಲ್ಲಿ ನಿಂತಿದ್ದ. ಅವಳ ಮುಷ್ಟಿ ನೋಡಿದ, ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ, ಸ್ವಿಚ್ ಆರಿಸಿದ.

"ಸಿಕ್ತಾ?" ಅಂದ. "ನಿನಗೆ ಸಿಗಲಿ ಅಂತಲೇ ಇಟ್ಟಿದ್ದೆ."

"ನನಗೆ ಸಿಗಲಿಲ್ಲ ಕಣೋ! ಅಮ್ಮನ ಕೈಗೆ ಸಿಕ್ಕಿತ್ತು. ಲಕೋಟೆಗೆ ಹಾಕಿಟ್ಟಿದ್ದಳು. ನಾನು ನೋಡದೆ ಬಿಟ್ಟಿದ್ರೆ ಸಂಜೆ ಪಿನ್ನು ಚುಚ್ಚಿ ನಿನಗೇ ವಾಪಸ್ ಕೊಡ್ತಿದ್ಲು!"

ಅವನು ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ಆಮೇಲೆ ಹೇಳತೊಡಗಿದ, ದನಿ ಎಷ್ಟು ಸಣ್ಣದೆಂದರೆ ಅಕ್ಕ ಬಾಗಿ ಕೇಳಿಸಿಕೊಳ್ಳಬೇಕಾಯಿತು.

"ಮೊದಲ ಸಲ ಮರೆತು ಬಿಟ್ಟಿದ್ದೆ ಅಕ್ಕ. ಆಸ್ಪತ್ರೆಯಿಂದ ಬಂದ ಮೇಲೆ. ಪ್ಯಾಂಟು ಒಗೆಯೋಕೆ ಹೋಯ್ತು ಅಂತ ಗೊತ್ತಾದಾಗ, ಮುಗೀತು, ಎಲ್ರಿಗೂ ಗೊತ್ತಾಯ್ತು, ಇನ್ನು ನೀವಿಬ್ರೂ ಓಡಿ ಬರ್ತೀರಿ ಅಂದ್ಕೊಂಡೆ. ಒಂಥರಾ ನಿರಾಳ ಆಯ್ತು. ಸಂಜೆ ಪ್ಯಾಂಟು ಬಂತು. ಒಗೆದು ಮಡಚಿ, ಮೇಲೆ ಲಕೋಟೆ. ಅಮ್ಮ ತಾನೇ ತಂದು ಮಂಚದ ಮೇಲಿಟ್ಟು ಹೋದಳು."

"ಅಯ್ಯೋ ದೇವರೇ."

"ಅಮ್ಮಂಗೆ ಗೊತ್ತು, ಗೊತ್ತಿದ್ದೂ ಕೊಟ್ಟಿದ್ದಾಳೆ ಅಂದ್ಕೊಂಡೆ. ನನ್ನಿಂದ ಅವಳಿಗೂ ಸಾಕಾಗಿದೆ, ಹೋಗು ಅಂತಿದ್ದಾಳೆ. ಹಾಗೆ ಅನ್ನಿಸ್ತು ಅಲ್ಲ ಅಕ್ಕ, ಹಾಗೇ ಅಂತ ಖಾತ್ರಿ ಆಯ್ತು. ಇನ್ನೊಂದು ಸಲ ಬೇಕಂತಲೇ ಇಟ್ಟೆ, ಕೇಳ್ತಾಳಾ ನೋಡೋಣ ಅಂತ. ಅದೂ ಬಂತು. ಪಿನ್ನು ಇನ್ನೂ ನೀಟಾಗಿ ಚುಚ್ಚಿದ್ಲು."

ಒಂದೇ ಸೂರಿನಡಿ, ಒಂದೇ ಅಂಗಡಿಯಲ್ಲಿ, ಒಬ್ಬ ಕಾಪಾಡಿ ಎಂದು ಕೈ ಚಾಚಿದ್ದ, ಇನ್ನೊಬ್ಬಳು ಆ ಕೈಗೆ ಸಾವನ್ನು ಇಸ್ತ್ರಿ ಮಾಡಿ ಇಟ್ಟಿದ್ದಳು. ಇಬ್ಬರಿಗೂ ಏನೂ ಗೊತ್ತಿರಲಿಲ್ಲ. ಮಧ್ಯೆ ತಾನು ಮನೆಯ ಬೀಗಗಳನ್ನು ಎಣಿಸುತ್ತ ಓಡಾಡುತ್ತಿದ್ದೆನಲ್ಲ ಅನ್ನಿಸಿ ಅಕ್ಕನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಮತ್ತೆ ಯಾಕೋ..." ಅಕ್ಕ ಮುಷ್ಟಿಯ ಲಕೋಟೆಯ ಕಡೆ ನೋಡಿದಳು.

"ಯಾಕೆ ತಗೊಳ್ಳಲಿಲ್ಲ ಅಂತಾನಾ? ಅಷ್ಟರಲ್ಲಿ ಕ್ಲಿನಿಕ್ ಶುರುವಾಯ್ತು. ನೀನು ದಿನಾ ಬೆಳಗ್ಗೆ ಚಪ್ಪಲಿ ಹಾಕ್ಕೊಂಡು ನಿಂತಿರ್ತಿದ್ದೆ. ಇವತ್ತೊಂದು ದಿನ ಹೋಗಿ ಬರೋಣ, ಇವತ್ತೊಂದು ದಿನ ಅಂತ." ಅವನು ಹೆಬ್ಬೆರಳನ್ನು ನೋಡಿಕೊಂಡ. "ಡಾಕ್ಟರಿಗೆ ಹೇಳಿದ ನಂಬರೆಲ್ಲ ಸುಳ್ಳು. ಎರಡು ವಾರ ಬರೀ ಸುಳ್ಳು. ಈ ವಾರದ್ದು ಸುಳ್ಳಲ್ಲ."

"ಹೇಗೆ ನಂಬಲಿ?"

"ಮೊನ್ನೆ ಟಕಟಕ ನಡೀತಿರೋವಾಗ ಇದ್ದಕ್ಕಿದ್ದ ಹಾಗೆ ಹೆಡ್‌ಮಾಸ್ತರ ಹಲ್ಲುಸೆಟ್ಟು ನೆನಪಾಯ್ತು. ನಗು ಬಂತು. ತಲೆ ಅಲ್ಲಾಡಿಸ್ಬೇಡಿ ಅಂತ ಮೇಡಂ ಬೈದ್ಲು. ಆಮೇಲೆ ಹೊಳೀತು. ಅಮ್ಮ ನೋಡೋದೇ ಇಲ್ವಲ್ಲ. ಹಲ್ಲನ್ನೇ ನೋಡದೆ ಕಟ್ಟಿ ಕೊಟ್ಟೋಳು." ಅವನು ಇಸ್ತ್ರಿ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ತೀಡಿದ. "ಇಷ್ಟು ಸಣ್ಣ ವಿಷಯ ಅಕ್ಕ. ಅದು ಇಷ್ಟು ದಿನ ನನ್ನ ತಲೆಗೆ ಹೋಗಲೇ ಇಲ್ಲ. ಬೇರೆ ಥರ ಯೋಚನೆ ಮಾಡೋಕೆ ಒಳಗೆ ಜಾಗವೇ ಇರಲಿಲ್ಲ. ಈಗ ಸ್ವಲ್ಪ ಜಾಗ ಆಗಿದೆ. ಸ್ವಲ್ಪವೇ."

"ಹಾಗಾದ್ರೆ ಎಸೀಬಹುದಿತ್ತಲ್ಲೋ."

"ಎಸೆಯೋಕೆ ಕೈ ಬರಲಿಲ್ಲ. ಅಷ್ಟು ವಾಸಿ ಆಗಿಲ್ಲ ನಾನು. ಗುರುವಾರ ನೀನು ಕೂರ್ತೀಯ, ನೀನಾದ್ರೂ ಬಿಚ್ಚಿ ನೋಡ್ತೀಯ ಅಂತ ಇಟ್ಟೆ."

ಅಕ್ಕ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಟೋಪಿಯ ಪಟ್ಟಿ ಹಣೆಯ ಮೇಲೆ ಮೂಡಿಸಿದ ಗೆರೆ ಇನ್ನೂ ಹೋಗಿರಲಿಲ್ಲ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತ ಅಪ್ಪನ ಮೇಲೆ, ಅವನ ನಿಯಮದ ಮೇಲೆ, ಚಹಾ ಕುಡಿಯುತ್ತ ನಿಂತ ತನ್ನ ಮೇಲೆ. ಹಾಗೇ ಒಂದು ಕೈಯಲ್ಲಿ ಫೋನು ತೆಗೆದು ಡಾಕ್ಟರಿಗೆ ಎಲ್ಲ ಹೇಳಿದಳು. ಡಾಕ್ಟರು, "ಈಗಲೇ ಇಬ್ಬರೂ ಬನ್ನಿ. ಅವರನ್ನ ಒಬ್ಬರನ್ನೇ ಬಿಡಬೇಡಿ. ಮಾತ್ರೆ ನನ್ನ ಕೈಗೆ ಕೊಡಿ" ಅಂದರು. "ಅವರಾಗೇ ಬಾಯಿಬಿಟ್ಟು ಹೇಳಿದರಲ್ಲ. ಅದು ದೊಡ್ಡದು" ಎಂದು ಸೇರಿಸಿದರು.

ಇಬ್ಬರೂ ಹೊರಗೆ ಬಂದರು. ಅಮ್ಮನಿಗೆ ಹೇಳುವುದೋ ಬೇಡವೋ ಎಂದು ಅಕ್ಕ ಇನ್ನೂ ಹೊಯ್ದಾಡುತ್ತಿದ್ದಳು. ತಮ್ಮ ನೇರವಾಗಿ ಮೇಜಿನ ಮುಂದೆ ಹೋಗಿ ನಿಂತ.

"ಅಮ್ಮಾ, ಇನ್ಮೇಲೆ ನನ್ನ ಜೇಬಲ್ಲಿ ಏನು ಸಿಕ್ಕಿದ್ರೂ ನನಗೆ ವಾಪಸ್ ಕೊಡಬೇಡ."

ಅಮ್ಮ ರಸ್ತೆಯಿಂದ ಕಣ್ಣು ತೆಗೆದಳು. "ಕೊಡದೆ? ನಿನ್ನದು ನಿನಗೆ ಕೊಡದೆ ಇನ್ನೇನು ಮಾಡಲಿ?"

"ಏನಿದು ಅಂತ ಕೇಳು."

ಅಮ್ಮ ಮಗನ ಮುಖ ನೋಡಿದಳು. ಆಮೇಲೆ ಮಗಳ ಮುಷ್ಟಿ ನೋಡಿದಳು. ಎದ್ದು ಬಂದು ಆ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲಕೋಟೆ ತೆಗೆದುಕೊಂಡು, ಬಾಯಿ ಬಿಚ್ಚಿ ಒಳಗೆ ನೋಡಿದಳು. 'ಮನೆ' ಎಂದು ತಾನೇ ಬರೆದ ಅಕ್ಷರವನ್ನೂ ನೋಡಿದಳು. ಅವಳ ಗಂಟಲಿನಿಂದ ಹೊರಟ ಸದ್ದನ್ನು ಮಕ್ಕಳು ಅಪ್ಪ ಸತ್ತ ದಿನವೂ ಕೇಳಿರಲಿಲ್ಲ.

ಕೌಂಟರಿನ ಬಳಿ ಒಬ್ಬ ಗಿರಾಕಿ ರಸೀದಿ ಹಿಡಿದು ನಿಂತಿದ್ದ. ಅಮ್ಮನಿಗೆ ಅವನು ಕಾಣಲೇ ಇಲ್ಲ. ಲಕೋಟೆಯನ್ನು ಮಗಳ ಕೈಗಿಟ್ಟು, ಮಗನ ಹತ್ತಿರ ಬಂದು, ಅವನು ಹಾಕಿಕೊಂಡಿದ್ದ ಬೂದು ಪ್ಯಾಂಟಿನ ಎರಡೂ ಜೇಬಿಗೆ ಎರಡೂ ಕೈ ತೂರಿಸಿದಳು. ಕೀಲಿ ತೆಗೆದಳು, ಕಣ್ಣಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟಳು. ಚಿಲ್ಲರೆ ತೆಗೆದಳು, ನೋಡಿ ಇಟ್ಟಳು. ಕಿವಿಯ ಬಿರಡೆ ಒಂದು ಸಿಕ್ಕಿತು.

"ಏನಿದು?" ಎಂದು ಕೇಳಿದಳು.

"ಕಿವಿಗೆ ಹಾಕೋದು ಅಮ್ಮಾ. ಕ್ಲಿನಿಕ್ಕಲ್ಲಿ. ಸದ್ದು ಜಾಸ್ತಿ."

ಅಮ್ಮ ಅದನ್ನೂ ನೋಡಿ ಇಟ್ಟಳು. ಇನ್ನೇನೂ ಇರಲಿಲ್ಲ. ಆದರೂ ಬಿಡದೆ ಜೇಬಿನ ಬಿಳಿ ಒಳಬಟ್ಟೆಯನ್ನು ಎರಡೂ ಕಡೆ ಎಳೆದು ಹೊರಗೆ ಹಾಕಿ, ಹೊಲಿಗೆಯ ಮೂಲೆಗಳನ್ನು ಉಗುರಿನಿಂದ ಕೆದಕಿ ನೋಡಿದಳು. ಅವನು ಚಿಕ್ಕ ಹುಡುಗನ ಹಾಗೆ ಕೈ ಎತ್ತಿಕೊಂಡು ನಿಂತಿದ್ದ.

ಅಕ್ಕ ಗಿರಾಕಿಗೆ ನಾಳೆ ಬನ್ನಿ ಅಂದು ಬಾಗಿಲು ಎಳೆದಳು. ಮೂವರೂ ಕ್ಲಿನಿಕ್ಕಿನ ಕಡೆ ನಡೆದರು, ಅಮ್ಮ ಮಗನ ಮೊಣಕೈ ಹಿಡಿದುಕೊಂಡಿದ್ದಳು. ಎರಡೂ ಜೇಬು ಹೊರಗೆ ನೇತಾಡುತ್ತಿದ್ದವು. ದಾರಿಯಲ್ಲಿ ಜನ ತಿರುಗಿ ತಿರುಗಿ ನೋಡಿದರು. ಗೆರೆರಾಯ ಅವುಗಳನ್ನು ಒಳಗೆ ತುರುಕಿಕೊಳ್ಳಲಿಲ್ಲ.